ಬೆಟ್ಟಕ್ಕೊಂದು ವಂಶ: ಸಹ್ಯಾದ್ರಿಯ ಕಪ್ಪೆಗಳ ಬಗ್ಗೆ ತಪ್ಪು ಕಲ್ಪನೆ ಮತ್ತು ಸತ್ಯ

ಮುಂಗಾರು ಹಿಡಿದರೆ ಮಲೆನಾಡಿನಲ್ಲಿ ರಾತ್ರಿಯಿಡೀ ಕಪ್ಪೆಗಳದೇ ಸದ್ದು. ದನಿ ಎಲ್ಲರಿಗೂ ಪರಿಚಿತ, ದನಿ ಹೊರಡಿಸುವ ಜೀವದ ಬಗ್ಗೆ ಮಾತ್ರ ತಪ್ಪು ತಿಳಿವಳಿಕೆ ಬಹಳ. ಕಾಡು, ತೊರೆಗಳ ಬಗ್ಗೆ ನಾವು ತೆಗೆದುಕೊಳ್ಳುವ ತೀರ್ಮಾನಗಳಲ್ಲಿ ಈ ತಪ್ಪುಗಳು ನುಸುಳುತ್ತವೆ. ಆದ್ದರಿಂದ ಇವನ್ನು ತಿದ್ದಿಕೊಳ್ಳುವುದು ಅಗತ್ಯ.

ತಪ್ಪು ಕಲ್ಪನೆ: ನೋಡಲು ಒಂದೇ ಥರ ಇರುವ ಕಪ್ಪೆಗಳೆಲ್ಲ ಒಂದೇ ಪ್ರಭೇದ.

ಸತ್ಯ: ಕಣ್ಣಿಗೆ ಒಂದೇ ಆಗಿ ಕಂಡದ್ದು ಡಿಎನ್‌ಎಯಲ್ಲಿ ಬೇರೆಯಾಗಿರಬಹುದು. 2014ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಪಿ. ವಿಜಯಕುಮಾರ್, ಕಾರ್ತಿಕ್ ಶಂಕರ್ ಮತ್ತು ಸಂಗಡಿಗರು ಡಿಎನ್‌ಎ, ದೇಹರಚನೆ, ಕೂಗು, ನೆಲೆ ಎಲ್ಲವನ್ನೂ ಒಟ್ಟಿಗಿಟ್ಟು ನೋಡಿ, ಪಶ್ಚಿಮ ಘಟ್ಟದ ಪೊದೆಗಪ್ಪೆಗಳಲ್ಲಿ 9 ಹೊಸ ಪ್ರಭೇದಗಳನ್ನು ಗುರುತಿಸಿದರು. 2017ರಲ್ಲಿ ಸೊನಾಲಿ ಗರ್ಗ್, ಎಸ್.ಡಿ. ಬಿಜು ಮತ್ತಿತರರು ಇರುಳುಗಪ್ಪೆಗಳ 7 ಹೊಸ ಪ್ರಭೇದಗಳನ್ನು ವಿವರಿಸಿದರು. ಅವುಗಳಲ್ಲಿ ನಾಲ್ಕು ಹೆಬ್ಬೆರಳಿನ ಉಗುರಿನ ಮೇಲೆ ಕೂರುವಷ್ಟು ಪುಟ್ಟವು. ತಮ್ಮ ನೆಲೆಯಲ್ಲಿ ಅವೇನೂ ವಿರಳವಲ್ಲ. ಕೀಟದ ಸದ್ದಿನಂತಿರುವ ಅವುಗಳ ಕೂಗನ್ನು ಅದುವರೆಗೆ ಯಾರೂ ಕಪ್ಪೆಯದೆಂದು ಗಮನಿಸಿರಲಿಲ್ಲ, ಅಷ್ಟೆ.

ತಪ್ಪು ಕಲ್ಪನೆ: ಘಟ್ಟ ಒಂದೇ ಸಾಲು, ಕಪ್ಪೆಗಳು ಒಂದು ಬೆಟ್ಟದಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗಿ ಬರುತ್ತವೆ.

ಸತ್ಯ: ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಆ ಚರ್ಮ ಒಣಗಿದರೆ ಬದುಕದು. ಎತ್ತರದ ಬೆಟ್ಟಗಳ ತಂಪಾದ ಶೋಲಾ ಕಾಡಿಗೆ ಒಗ್ಗಿದ ಕಪ್ಪೆಗೆ ಬಿಸಿಲು ಕಾಯುವ ಕಣಿವೆಯೇ ದೊಡ್ಡ ಅಡ್ಡಗೋಡೆ. ಪಾಲಕ್ಕಾಡ್ ಕಣಿವೆಯನ್ನೇ ನೋಡಿ. ಉತ್ತರಕ್ಕೆ 2,637 ಮೀಟರ್ ಎತ್ತರದ ದೊಡ್ಡಬೆಟ್ಟ, ದಕ್ಷಿಣಕ್ಕೆ 2,695 ಮೀಟರ್‌ನ ಆನೆಮುಡಿ, ನಡುವೆ ಸುಮಾರು 30 ಕಿಲೋಮೀಟರ್ ಅಗಲದ ತಗ್ಗು. ಹೀಗೆ ಬೇರ್ಪಟ್ಟ ಗುಂಪುಗಳ ನಡುವೆ ಸಂಬಂಧ ಬೆಳೆಯುವುದಿಲ್ಲ. ಒಂದೊಂದು ಕಡೆ ಹುಟ್ಟಿದ ವಂಶವಾಹಿ ಬದಲಾವಣೆ ಅಲ್ಲಲ್ಲೇ ಉಳಿಯುತ್ತದೆ, ಲಕ್ಷಾಂತರ ವರ್ಷಗಳಲ್ಲಿ ವಂಶಗಳೇ ಬೇರೆಯಾಗುತ್ತವೆ.

ತಪ್ಪು ಕಲ್ಪನೆ: ಪ್ರಾಚೀನ ವಂಶದ ಕಪ್ಪೆ ಎಂದರೆ ಬದಲಾಗದೆ ಉಳಿದ ‘ಜೀವಂತ ಪಳೆಯುಳಿಕೆ’.

ಸತ್ಯ: 2003ರಲ್ಲಿ ಬಿಜು ಮತ್ತು ಫ್ರಾಂಕಿ ಬೋಸೈಟ್ ಕೇರಳದ ಇಡುಕ್ಕಿಯಿಂದ ವಿವರಿಸಿದ ನೇರಳೆ ಕಪ್ಪೆಯ ಹತ್ತಿರದ ನೆಂಟರು ಇರುವುದು ಹಿಂದೂ ಮಹಾಸಾಗರದಾಚೆಯ ಸೇಶೆಲ್ಸ್ ದ್ವೀಪಗಳಲ್ಲಿ. ಎರಡೂ ನೆಲಗಳು ಕೂಡಿಕೊಂಡಿದ್ದ ಕಾಲದ ನೆಂಟಸ್ತಿಕೆ ಅದು. ಹಾಗೆಂದು ಈ ಕಪ್ಪೆ ನಿಂತಲ್ಲೇ ನಿಂತಿಲ್ಲ. ಮಣ್ಣು ಬಗೆಯಲು ಗಟ್ಟಿ ಕಾಲು, ನೆಲದಡಿಯ ಗೆದ್ದಲು ಹಿಡಿಯಲು ಚೂಪು ಮೂತಿ, ರಭಸದ ನೀರಲ್ಲಿ ಬಂಡೆಗೆ ಕಚ್ಚಿಕೊಳ್ಳುವ ಬಾಯಿಯುಳ್ಳ ಗೊದಮೊಟ್ಟೆ: ಇವೆಲ್ಲ ವಿಕಾಸ ರೂಪಿಸಿದ ಹೊಂದಾಣಿಕೆಗಳೇ. ಹಳೆಯದು ವಂಶ ಕವಲೊಡೆದ ಕಾಲ ಮಾತ್ರ.

ತಪ್ಪು ಕಲ್ಪನೆ: ಕೆರೆಕಟ್ಟೆ ಉಳಿಸಿದರೆ ಕಪ್ಪೆಗಳು ಉಳಿದಂತೆ.

ಸತ್ಯ: ಪೊದೆಗಪ್ಪೆಗಳಲ್ಲಿ ನೀರಲ್ಲಿ ಈಜುವ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯೊಡೆದು ಮರಿಗಪ್ಪೆಯೇ ಹೊರಬರುತ್ತದೆ. ಅವಕ್ಕೆ ಬೇಕಾದದ್ದು ತೇವದ ಮಣ್ಣು, ತರಗೆಲೆ, ಪೊದೆ. ಉತ್ತರ ಕನ್ನಡದ ತೊರೆಗಳ ‘ಕುಂಬಾರ ಕಪ್ಪೆ’ಯನ್ನು ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ವಿವರಿಸಿದರು. ನೀರಿನ ಮೇಲೆ ಚಾಚಿದ ಕಡ್ಡಿಗೆ ಅಂಟಿರುವ ಮೊಟ್ಟೆಗಳಿಗೆ ಗಂಡು ಕಪ್ಪೆ ತೊರೆಯ ತಳದಿಂದ ಕೈತುಂಬ ಕೆಸರು ತಂದು, ಹಿಂಗಾಲ ಮೇಲೆ ನಿಂತು ಮೆತ್ತುತ್ತದೆ. ಇದು ನಡೆಯಬೇಕಾದರೆ ತೊರೆ ಹರಿಯುತ್ತಿರಬೇಕು, ದಡದಲ್ಲಿ ಗಿಡಮರ ಇರಬೇಕು.

ತಪ್ಪು ಕಲ್ಪನೆ: ಒಂದು ಬೆಟ್ಟದಲ್ಲಿ ಅಳಿದರೆ ಇನ್ನೊಂದು ಬೆಟ್ಟದಿಂದ ತಂದು ಬಿಟ್ಟರಾಯಿತು.

ಸತ್ಯ: ತಂದು ಬಿಟ್ಟದ್ದು ಬೇರೆಯೇ ವಂಶವಾಗಿರಬಹುದು. ಜೊತೆಗೆ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರದಂಥ ರೋಗವೂ ಬರಬಹುದು. ಗುಂಪು ಚಿಕ್ಕದಾದಷ್ಟೂ ತಲೆಮಾರಿನಿಂದ ತಲೆಮಾರಿಗೆ ವಂಶವಾಹಿ ವೈವಿಧ್ಯ ಸೋರಿಹೋಗುತ್ತದೆ, ರೋಗವನ್ನೂ ಬಿಸಿಲನ್ನೂ ತಡೆದುಕೊಳ್ಳುವ ಶಕ್ತಿ ಕುಂದುತ್ತದೆ. ಸೆಕೆ ಏರಿದಾಗ ಬೆಟ್ಟದ ತುದಿಯಲ್ಲಿರುವ ಕಪ್ಪೆಗೆ ಇನ್ನೂ ಮೇಲೆ ಹೋಗಲು ಜಾಗವಿಲ್ಲ.

ಜಗತ್ತಿನ ಉಭಯವಾಸಿಗಳಲ್ಲಿ ಸುಮಾರು 41 ಪ್ರತಿಶತ ಪ್ರಭೇದಗಳು ಅಳಿವಿನಂಚಿನತ್ತ ಸಾಗಿವೆ ಎಂದು 2023ರ ಜಾಗತಿಕ ಸಮೀಕ್ಷೆ ಹೇಳಿತು. ಆ ಲೆಕ್ಕ ಪ್ರಭೇದಗಳದ್ದು. ಒಂದೇ ಪ್ರಭೇದದೊಳಗೆ ಬೆಟ್ಟಬೆಟ್ಟಕ್ಕೂ ಬೇರೆಯಾಗಿರುವ ವಂಶಗಳು ಅದರಲ್ಲಿ ಕಾಣುವುದಿಲ್ಲ. ರಸ್ತೆಗೋ ಅಣೆಕಟ್ಟಿಗೋ ಒಂದು ಗುಡ್ಡದ ಕಾಡು ಕೊಡುವ ಮುನ್ನ, ‘ಈ ಕಪ್ಪೆ ಬೇರೆಡೆಯೂ ಇದೆ’ ಎಂಬ ಉತ್ತರ ಸಾಲದು. ಆ ಗುಡ್ಡದ ಕಪ್ಪೆಯನ್ನೇ ಪರೀಕ್ಷಿಸಿ ನೋಡಬೇಕು.