ಮೊಣಕಾಲು ಕೈಕೊಟ್ಟಾಗ ಅವಸರ ಬೇಡ

ನೆಚ್ಚಿನ ಆಟಗಾರನೊಬ್ಬ ಮೊಣಕಾಲಿಗೆ ಪೆಟ್ಟು ಮಾಡಿಕೊಂಡರೆ ಸಾಕು, ಊರ ತುಂಬ ವೈದ್ಯರು ಹುಟ್ಟಿಕೊಳ್ಳುತ್ತಾರೆ. "ಮೂರು ತಿಂಗಳದಾಗ ಓಡ್ಯಾಡ್ತಾನ ನೋಡ್ರಿ" ಎಂದು ಒಬ್ಬರೆಂದರೆ, "ಇನ್ನ ಅವನ ಆಟ ಮುಗೀತು ಬಿಡ್ರಿ" ಎಂದು ಮತ್ತೊಬ್ಬರು. ಚಹಾದಂಗಡಿಯ ಬೆಂಚಿನ ಮೇಲೆ ನಡೆಯುವ ಇಂಥ ವಾದಗಳನ್ನು ನೀವೂ ಕೇಳಿರಬಹುದು, ಅದರಲ್ಲಿ ಪಾಲ್ಗೊಂಡೂ ಇರಬಹುದು. ಕ್ರಿಕೆಟಿಗ ರಿಷಭ್ ಪಂತ್ ಬಗ್ಗೆ 2023ರ ವರ್ಷವಿಡೀ ನಡೆದದ್ದು ಇದೇ ಚರ್ಚೆ.

ವಾದ ಮಾಡುವುದರಲ್ಲಿ ತಪ್ಪೇನಿಲ್ಲ. ಆದರೆ ಜಾತ್ರೆಯ ಕಬಡ್ಡಿಯಲ್ಲಿ ಮೊಣಕಾಲು ತಿರುಚಿಕೊಂಡ ನಮ್ಮ ಮನೆಯ ಹುಡುಗನಿಗೂ ಇದೇ ಬಾಯಿಮಾತಿನ ಲೆಕ್ಕ ಹಾಕಿ ಮೈದಾನಕ್ಕೆ ಕಳಿಸಿದರೆ ಅದರ ಬೆಲೆ ತೆರುವವನು ಅವನೇ. ಆದ್ದರಿಂದ ಈ ವಾರ ಮೊಣಕಾಲಿನ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಪಂತ್ ಕಲಿಸುವ ಪಾಠ

2022ರ ಡಿಸೆಂಬರ್ 30ರ ನಸುಕಿನಲ್ಲಿ ರೂರ್ಕಿಯ ಬಳಿ ಪಂತ್ ಓಡಿಸುತ್ತಿದ್ದ ಕಾರು ರಸ್ತೆ ವಿಭಜಕಕ್ಕೆ ಬಡಿದು ಹೊತ್ತಿ ಉರಿಯಿತು. ಅವರ ಬಲ ಮೊಣಕಾಲಿನ ಕೀಲು ತಪ್ಪಿತ್ತು, ಅದನ್ನು ಹಿಡಿದಿಡುವ ಲಿಗಮೆಂಟುಗಳು ಹರಿದಿದ್ದವು. 2023ರ ಜನವರಿಯಲ್ಲಿ ಮುಂಬೈಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಆಮೇಲಿನ ದೀರ್ಘ ವ್ಯಾಯಾಮ ಚಿಕಿತ್ಸೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಆಗ ಚಿನ್ನಸ್ವಾಮಿ ಕ್ರೀಡಾಂಗಣದ ಆವರಣದಲ್ಲಿದ್ದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ. ಮೊದಲು ಊರುಗೋಲು, ಬಳಿಕ ನಿಧಾನ ನಡಿಗೆ, ಆಮೇಲೆ ಮೆಟ್ಟಿಲು, ಕಡೆಗೆ ಓಟ. ಅವರು ಮತ್ತೆ ಪಂದ್ಯವಾಡಿದ್ದು 2024ರ ಮಾರ್ಚ್ 23ರಂದು, ಅಂದರೆ ಸುಮಾರು 15 ತಿಂಗಳ ಬಳಿಕ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಚೆನ್ನೈಯಲ್ಲಿ ಬಾಂಗ್ಲಾದೇಶದ ಎದುರು ಟೆಸ್ಟ್ ಶತಕ ಹೊಡೆದರು.

ಕತೆ ಅಲ್ಲಿಗೇ ಮುಗಿಯಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಅದೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್ ವಿರುದ್ಧ ವಿಕೆಟ್ ಕಾಯುತ್ತಿದ್ದಾಗ ಚೆಂಡು ಅದೇ ಬಲ ಮೊಣಕಾಲಿಗೆ ಬಡಿಯಿತು. ಊತ ಬಂತು. ಅವರು ಮೈದಾನ ಬಿಟ್ಟು ಹೊರನಡೆದರು, ವಿಕೆಟ್ ಹಿಂದೆ ಬೇರೊಬ್ಬರು ನಿಂತರು. ವಿಶ್ರಾಂತಿಯ ನಂತರ ಬ್ಯಾಟ್ ಹಿಡಿದು 99 ರನ್ ಮಾಡಿದರು. ಊತ ಬಂದ ಕಾಲಿಗೆ ಆ ಹೊತ್ತು ವಿಶ್ರಾಂತಿ ಕೊಟ್ಟದ್ದನ್ನು ನಾವು 99 ರನ್ನುಗಳಷ್ಟೇ ನೆನಪಿಡಬೇಕು.

ಇದಕ್ಕೆ ಎದುರಾಗಿ ರವೀಂದ್ರ ಜಡೇಜಾ ಅವರನ್ನು ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಅವರ ಮೊಣಕಾಲಿಗೂ ಶಸ್ತ್ರಚಿಕಿತ್ಸೆಯಾಯಿತು. 2023ರ ಫೆಬ್ರವರಿಯಲ್ಲಿ ನಾಗಪುರ ಟೆಸ್ಟಿನಲ್ಲಿ ಆಸ್ಟ್ರೇಲಿಯಾದ ಐದು ವಿಕೆಟ್ ಕಿತ್ತರು. ಐದೇ ತಿಂಗಳು! ದೂರದ ಅಮೆರಿಕದಲ್ಲಿ ಅಲ್ಲಿನ ಫುಟ್‌ಬಾಲ್‌ನ ದೊಡ್ಡ ತಾರೆ ಟಾಮ್ ಬ್ರೇಡಿ 2008ರ ಸೆಪ್ಟೆಂಬರ್‌ನಲ್ಲಿ, ಋತುವಿನ ಮೊದಲ ಪಂದ್ಯದಲ್ಲೇ, ಮೊಣಕಾಲಿನ ಲಿಗಮೆಂಟ್ ಹರಿದುಕೊಂಡರು. ಇಡೀ ಒಂದು ವರ್ಷ ಹೊರಗೆ ಕುಳಿತರು. ಬಳಿಕ ಮರಳಿ ಬಂದು ಇನ್ನೂ ನಾಲ್ಕು ಸಲ ತಮ್ಮ ತಂಡಕ್ಕೆ ಪಟ್ಟ ಗೆದ್ದುಕೊಟ್ಟರು.

ಒಬ್ಬರಿಗೆ ಐದು ತಿಂಗಳು, ಒಬ್ಬರಿಗೆ ಹನ್ನೆರಡು, ಇನ್ನೊಬ್ಬರಿಗೆ ಹದಿನೈದು. ಏಕೆ? ಏಕೆಂದರೆ "ಮೊಣಕಾಲಿನ ಪೆಟ್ಟು" ಎಂಬುದು ಒಂದು ಕಾಯಿಲೆಯ ಹೆಸರಲ್ಲ. ಯಾವ ಭಾಗಕ್ಕೆ, ಎಷ್ಟು ಪೆಟ್ಟಾಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಬ್ಬನ ಲೆಕ್ಕ ಇನ್ನೊಬ್ಬನ ಕಾಲಿಗೆ ಹೊಂದುವುದಿಲ್ಲ.

ಕೀಲಿನೊಳಗೆ ಏನಿದೆ?

ತೊಡೆಯ ಎಲುಬು, ಮುಂಗಾಲಿನ ಎಲುಬು ಕೂಡುವ ಜಾಗವೇ ಮೊಣಕಾಲು. ಮುಂದೆ ಚಿಪ್ಪು. ಈ ಎಲುಬುಗಳನ್ನು ಬಿಗಿಯಾಗಿ ಹಿಡಿದಿಡಲು ನಾಲ್ಕು ಮುಖ್ಯ ಹಗ್ಗಗಳಿವೆ. ಇವೇ ಲಿಗಮೆಂಟುಗಳು. ಎರಡು ಪಕ್ಕಗಳಲ್ಲಿ, ಇನ್ನೆರಡು ಕೀಲಿನ ಒಳಗೆ ಕತ್ತರಿಯಂತೆ ಅಡ್ಡಡ್ಡ. ಒಳಗಿನ ಎರಡರಲ್ಲಿ ಮುಂದಿನದನ್ನು ವೈದ್ಯರು ಎಸಿಎಲ್ ಎನ್ನುತ್ತಾರೆ. ಓಡುತ್ತಿರುವಾಗ ತಟ್ಟನೆ ತಿರುಗಿದರೂ ಕಾಲು ಜಾರದಂತೆ ನೋಡಿಕೊಳ್ಳುವುದು ಇದೇ. ಎರಡು ಎಲುಬುಗಳ ನಡುವೆ ಮೆತ್ತೆಯಂತೆ ಎರಡು ಮೃದ್ವಸ್ಥಿಯ ಬಿಲ್ಲೆಗಳಿವೆ. ಇವು ಮೆನಿಸ್ಕಸ್.

ಎಸಿಎಲ್ ಹರಿಯಲು ಯಾರೂ ಬಡಿಯಬೇಕಿಲ್ಲ. ಕಬಡ್ಡಿಯಲ್ಲಿ ಪಾದ ನೆಲಕ್ಕೆ ಊರಿಕೊಂಡಿರುವಾಗ ಮೈ ಮಾತ್ರ ತಿರುಗಿದರೆ, ಖೊಖೊದಲ್ಲಿ ಓಡುತ್ತಲೇ ದಿಕ್ಕು ಬದಲಿಸಿದರೆ, ವಾಲಿಬಾಲ್‌ನಲ್ಲಿ ಹಾರಿ ಒಂಟಿಕಾಲಿನ ಮೇಲೆ ಇಳಿದರೆ ಸಾಕು. ಕುಸ್ತಿಯಲ್ಲಿ ಎದುರಾಳಿ ಕಾಲನ್ನು ಹಿಡಿದು ತಿರುವಿದಾಗಲೂ ಆಗುತ್ತದೆ. ಆಟವೇ ಆಡದವರಿಗೂ ತಪ್ಪಿದ್ದಲ್ಲ. ಮಳೆಗಾಲದಲ್ಲಿ ನವಲಗುಂದ, ಅಣ್ಣಿಗೇರಿಯ ಎರೆ ಹೊಲದ ಕೆಸರಿನಲ್ಲಿ ಕಾಲು ಹೂತು ಮೈ ಹೊರಳಿದರೆ, ಕಲಘಟಗಿಯ ಕಡೆ ಗದ್ದೆಯ ಬದುವಿನ ಮೇಲೆ ಜಾರಿದರೆ, ಮೋಟಾರ್ ಸೈಕಲ್ ಕಾಲಮೇಲೆ ಬಿದ್ದರೆ, ಪರಿಣಾಮ ಅದೇ.

ಲಕ್ಷಣಗಳನ್ನು ಗುರುತಿಸಿ

"ಟಪ್" ಎಂದು ಒಳಗೇನೋ ಹರಿದಂತೆ ಸದ್ದು ಕೇಳಿಸುವುದು, ಕೆಲವೇ ತಾಸುಗಳಲ್ಲಿ ಮೊಣಕಾಲು ಉಬ್ಬುವುದು, ಆಟ ಮುಂದುವರಿಸಲು ಆಗದಿರುವುದು. ಈ ಮೂರೂ ಇದ್ದರೆ ಎಸಿಎಲ್ ಹರಿದಿರುವ ಸಂಶಯ ಬಲವಾಗಿರುತ್ತದೆ.

ಮೋಸ ಹೋಗುವುದು ಇದರ ಮುಂದಿನ ಹಂತದಲ್ಲಿ. ಎರಡು ಮೂರು ವಾರಗಳಲ್ಲಿ ಊತ ಇಳಿಯುತ್ತದೆ, ನೋವು ಕಡಿಮೆಯಾಗುತ್ತದೆ, ಹುಡುಗ ನೆಟ್ಟಗೆ ನಡೆಯುತ್ತಾನೆ. "ವಾಸಿಯಾಯಿತು" ಎಂದು ಎಲ್ಲರೂ ತಿಳಿಯುತ್ತಾರೆ. ಆದರೆ ಪೂರ್ತಿ ಹರಿದ ಎಸಿಎಲ್ ಸಾಮಾನ್ಯವಾಗಿ ತಾನಾಗಿ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಮತ್ತೆ ಕಬಡ್ಡಿಗೆ ಇಳಿದ ದಿನ ಕಾಲು ಒಮ್ಮೆಲೇ ಕುಸಿಯುತ್ತದೆ. ಹೀಗೆ ಕುಸಿದಾಗಲೆಲ್ಲ ಮೆನಿಸ್ಕಸ್ ಬಿಲ್ಲೆ ಅರೆಯುತ್ತದೆ. ಇಂಥ ಗಾಯವಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ 10ರಿಂದ 20 ವರ್ಷಗಳಲ್ಲಿ ಕೀಲುಸವೆತ ಕಾಣಿಸಿಕೊಳ್ಳುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಇಪ್ಪತ್ತರ ಹುಡುಗ ನಲವತ್ತಕ್ಕೇ ಮುದುಕನಂತೆ ಕಾಲೆಳೆಯಬೇಕಾದೀತು. ಹೊಲದ ಕೆಲಸವನ್ನೇ ನಂಬಿದ ಮನೆಗೆ ಇದು ಆಟದ ಮಾತಲ್ಲ.

ಎಕ್ಸ್-ರೇ "ನಾರ್ಮಲ್" ಬಂದಿತೆಂದೂ ನಿಶ್ಚಿಂತರಾಗಬೇಡಿ. ಎಕ್ಸ್-ರೇ ಎಲುಬನ್ನು ತೋರಿಸುತ್ತದೆ, ಲಿಗಮೆಂಟನ್ನಲ್ಲ. ಅನುಭವಿ ಮೂಳೆತಜ್ಞರು ಕೈಯಿಂದಲೇ ಪರೀಕ್ಷಿಸಿ ಬಹಳಷ್ಟು ಹೇಳಬಲ್ಲರು. ಬೇಕೆನಿಸಿದರೆ ಎಂಆರ್‌ಐ ಮಾಡಿಸುತ್ತಾರೆ.

ಪೆಟ್ಟಾದ ಕೂಡಲೇ

ಆಟ ನಿಲ್ಲಿಸಿ. ಕಾಲಿನ ಮೇಲೆ ಭಾರ ಹಾಕಬೇಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಡಿ. ಎರಡು ಮೂರು ತಾಸಿಗೊಮ್ಮೆ ಮತ್ತೆ ಇಡಬಹುದು. ಮಂಜುಗಡ್ಡೆ ಸಿಗದಿದ್ದರೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಆದೀತು. ಕ್ರೇಪ್ ಬ್ಯಾಂಡೇಜನ್ನು ತೀರ ಬಿಗಿಯಾಗದಂತೆ ಸುತ್ತಿ, ದಿಂಬಿನ ಮೇಲೆ ಕಾಲು ಎತ್ತರಿಸಿಡಿ.

ಮೊದಲ ಎರಡು ಮೂರು ದಿನ ಬಿಸಿ ಶಾಖ, ಎಣ್ಣೆ ತಿಕ್ಕುವುದು ಬೇಡವೇ ಬೇಡ. ಒಳಗೆ ರಕ್ತ ಸೋರುತ್ತಿರುವಾಗ ತಿಕ್ಕಿದರೆ ಊತ ಹೆಚ್ಚುತ್ತದೆ. ಎಲುಬು ಕೂಡಿಸುವವರ ಬಳಿ ಹೋಗಿ ಕಾಲು ಜಗ್ಗಿಸಿಕೊಂಡು ಬಿದಿರು ಪಟ್ಟಿ ಕಟ್ಟಿಸಿಕೊಳ್ಳುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಅವರ ಮೇಲಿನ ನಂಬಿಕೆ ಹಳೆಯದು, ಅದನ್ನು ಹಳಿಯುವ ಉದ್ದೇಶ ನಮಗಿಲ್ಲ. ಆದರೆ ಒಳಗೆ ಹರಿದ ಹಗ್ಗವನ್ನು ಹೊರಗಿನಿಂದ ಜಗ್ಗಿ ಕೂಡಿಸಲು ಬರುವುದಿಲ್ಲ ಎಂಬುದನ್ನು ತಿಳಿದಿರಿ.

ಒಂದು ಸಂದರ್ಭದಲ್ಲಿ ಮಾತ್ರ ಒಂದು ತಾಸೂ ತಡಮಾಡಬಾರದು. ಕಾಲು ಸೊಟ್ಟಗಾಗಿದ್ದರೆ, ಪಾದ ತಣ್ಣಗಾಗಿ ಬಿಳಿಚಿದ್ದರೆ, ಸ್ಪರ್ಶ ತಿಳಿಯದಿದ್ದರೆ ಕೀಲು ತಪ್ಪಿ ಹಿಂದಿನ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ಆರರಿಂದ ಎಂಟು ತಾಸಿನೊಳಗೆ ರಕ್ತಸಂಚಾರ ಸರಿಹೋಗದಿದ್ದರೆ ಕಾಲನ್ನೇ ಕಳೆದುಕೊಳ್ಳುವ ಅಪಾಯವಿದೆ. ತಪ್ಪಿದ ಕೀಲು ತಾನಾಗಿ ಕೂತು ಮೇಲ್ನೋಟಕ್ಕೆ ಸರಿ ಕಂಡರೂ ಈ ಅಪಾಯ ಇದ್ದೇ ಇರುತ್ತದೆ. ಕೂಡಲೇ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಸಾಗಿಸಿ.

ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕೆ?

ಇಲ್ಲ. ಸ್ವೀಡನ್ನಿನಲ್ಲಿ ಎಸಿಎಲ್ ಹರಿದ 121 ಯುವಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಅಗತ್ಯವಾದರೆ ಮಾತ್ರ ಶಸ್ತ್ರಚಿಕಿತ್ಸೆ. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡು ವರ್ಷಗಳ ನಂತರ ಎರಡೂ ಗುಂಪಿನವರ ಸ್ಥಿತಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಎರಡನೆಯ ಗುಂಪಿನ 59 ಜನರಲ್ಲಿ 23 ಜನರಿಗೆ ಮಾತ್ರ ಅಷ್ಟರೊಳಗೆ ಶಸ್ತ್ರಚಿಕಿತ್ಸೆ ಬೇಕಾಯಿತು.

ನಡೆದಾಡುವಾಗಲೇ ಕಾಲು ಕುಸಿಯುವವರಿಗೆ, ಮೆನಿಸ್ಕಸ್ ಕೂಡ ಹರಿದವರಿಗೆ, ಕಬಡ್ಡಿ ಕುಸ್ತಿಯಂಥ ತಿರುಗಾಟದ ಆಟಕ್ಕೆ ಮರಳಲೇಬೇಕೆನ್ನುವವರಿಗೆ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಬೇಕಾಗುತ್ತದೆ. ಇದರಲ್ಲಿ ರೋಗಿಯದೇ ತೊಡೆಯ ಹಿಂಭಾಗದಿಂದ ಅಥವಾ ಚಿಪ್ಪಿನ ಕೆಳಗಿನಿಂದ ಸ್ನಾಯುರಜ್ಜುವಿನ ತುಂಡನ್ನು ತೆಗೆದು ಹೊಸ ಹಗ್ಗವಾಗಿ ಕೂಡಿಸುತ್ತಾರೆ.

ಒಂಬತ್ತು ತಿಂಗಳ ಲೆಕ್ಕ

ಈ ಹೊಸ ಹಗ್ಗ ಕೂಡಿಸಿದ ದಿನವೇ ಲಿಗಮೆಂಟ್ ಆಗಿಬಿಡುವುದಿಲ್ಲ. ಅದಕ್ಕೆ ರಕ್ತನಾಳಗಳು ಬೆಳೆಯಬೇಕು, ಎಲುಬಿಗೆ ಬೇರೂರಬೇಕು. ನೋವೆಲ್ಲ ಹೋಗಿ "ನಾನು ಗಟ್ಟಿಯಾದೆ" ಎನಿಸುವ ಎರಡು ಮೂರನೆಯ ತಿಂಗಳಲ್ಲೇ ಅದು ಬಲು ದುರ್ಬಲವಾಗಿರುತ್ತದೆ. ಚಹಾದಂಗಡಿಯ "ಮೂರು ತಿಂಗಳು" ಎಷ್ಟು ಅಪಾಯಕಾರಿ ಎಂದು ಇದರಿಂದ ತಿಳಿದೀತು.

2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ, ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಪೆಟ್ಟಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದದ್ದು ಕಂಡುಬಂತು. ತಿಂಗಳ ಎಣಿಕೆಯೊಂದೇ ಸಾಲದು. ಪೆಟ್ಟಾದ ಕಾಲಿನ ತೊಡೆಯ ಬಲ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಆಗಿರಬೇಕು, ಒಂಟಿಕಾಲಿನಲ್ಲಿ ಕುಪ್ಪಳಿಸಿದರೆ ಅಷ್ಟೇ ದೂರ ಹೋಗಬೇಕು, ಊತ ಇರಕೂಡದು.

ನಿರಾಶೆಯ ಮಾತನ್ನೂ ಮುಚ್ಚಿಡುವುದು ಬೇಡ. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 81 ಮಂದಿ ಯಾವುದಾದರೂ ಆಟಕ್ಕೆ ಮರಳಿದ್ದರು, ಮೊದಲಿನ ಮಟ್ಟಕ್ಕೆ ಮರಳಿದವರು ಶೇ. 65 ಮಾತ್ರ. ಅದರಲ್ಲಿ ಮನಸ್ಸಿನ ಅಂಜಿಕೆಯ ಪಾಲೂ ಇದೆ. ಹುಡುಗನಿಗೆ "ಹೆದರುಪುಕ್ಕ" ಎನ್ನುವ ಬದಲು ಧೈರ್ಯ ತುಂಬಿ.

ಮನೆಯಲ್ಲಿ ಮಾಡಬೇಕಾದ್ದು

ಪಂತ್ ಅವರಿಗೆ ಆ ಹದಿನೈದು ತಿಂಗಳು ಗುಣವಾಗುವುದೇ ಕೆಲಸವಾಗಿತ್ತು. ನಮ್ಮ ಹುಡುಗರಿಗೆ ಹಾಗಲ್ಲ. ಬಿತ್ತನೆ, ಎಡೆ, ಕೊಯ್ಲು ಯಾವುದೂ ಕಾಯುವುದಿಲ್ಲ. ವ್ಯಾಯಾಮಕ್ಕೆಂದು ಕುಂದಗೋಳದಿಂದಲೋ ಅಣ್ಣಿಗೇರಿಯಿಂದಲೋ ದಿನಾ ಹುಬ್ಬಳ್ಳಿಗೆ ಬಸ್ ಹಿಡಿಯುವುದೂ ಆಗದ ಮಾತು. ಹೀಗಾಗಿಯೇ ಶಸ್ತ್ರಚಿಕಿತ್ಸೆಗೆ ಸಾಲ ಮಾಡುವವರು ವ್ಯಾಯಾಮವನ್ನು ಕೈಬಿಡುತ್ತಾರೆ. ವ್ಯಾಯಾಮವಿಲ್ಲದ ಶಸ್ತ್ರಚಿಕಿತ್ಸೆ ನೀರುಣಿಸದ ಬಿತ್ತನೆಯಂತೆ.

ಫಿಸಿಯೋಥೆರಪಿ ತಜ್ಞರ ಬಳಿ ಎರಡು ವಾರಕ್ಕೊಮ್ಮೆಯಾದರೂ ಹೋಗಿ, ಮುಂದಿನ ಹಂತ ಕಲಿತು ಬಂದು, ಮನೆಯಲ್ಲಿ ದಿನಕ್ಕೆ ಮೂರು ಸಲ ಮಾಡಿ. ಆರಂಭದ ವ್ಯಾಯಾಮಗಳಿಗೆ ಯಾವ ಯಂತ್ರವೂ ಬೇಡ. ಕಾಲು ಚಾಚಿ ಕುಳಿತು, ಮಡಿಚಿದ ಟವೆಲನ್ನು ಮೊಣಕಾಲಿನ ಕೆಳಗಿಟ್ಟು, ತೊಡೆ ಬಿಗಿದು ಐದು ಎಣಿಸುವವರೆಗೆ ಒತ್ತಿ ಹಿಡಿಯಿರಿ. ಹೀಗೆ ಹತ್ತು ಸಲ. ಮಲಗಿ ಕಾಲನ್ನು ನೆಟ್ಟಗೆ ಒಂದಡಿ ಎತ್ತಿ ಇಳಿಸಿ. ಹಿಮ್ಮಡಿಯನ್ನು ನೆಲದ ಮೇಲೆ ಮೆಲ್ಲನೆ ಜಾರಿಸುತ್ತ ಮೊಣಕಾಲು ಮಡಚಿ. ಶಸ್ತ್ರಚಿಕಿತ್ಸೆಯಾದವರು ವೈದ್ಯರು ಹೇಳಿದ ದಿನದಿಂದ ಇವನ್ನು ಶುರುಮಾಡಬೇಕು. ಕಾಲು ಪೂರ್ತಿ ನೆಟ್ಟಗಾಗುವುದು ಮೊದಲ ಗುರಿ.

ಚಕ್ಕಳಬಕ್ಕಳ, ಕುಕ್ಕರಗಾಲಿನಲ್ಲಿ ಕೂರುವುದನ್ನು ವೈದ್ಯರು ಅನುಮತಿಸುವವರೆಗೆ ಬಿಡಿ. ಶೌಚಕ್ಕೆ ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿ ಸಾಕು. ಜ್ವರ, ಗಾಯದಲ್ಲಿ ಕೀವು, ಮೀನಖಂಡದಲ್ಲಿ ಊತ ನೋವು ಕಂಡರೆ ತಕ್ಷಣ ಆಸ್ಪತ್ರೆಗೆ ಬನ್ನಿ.

ಖರ್ಚಿಗೆ ಹೆದರಿ ಸುಮ್ಮನಿರಬೇಡಿ. ಮೊದಲು ತಾಲ್ಲೂಕು ಆಸ್ಪತ್ರೆಗೆ ತೋರಿಸಿ. ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮ್ಮ ಚಿಕಿತ್ಸೆಗೆ ನೆರವಿದೆಯೇ, ಶಿಫಾರಸು ಪತ್ರ ಬೇಕೇ ಎಂದು ದಾಖಲಾಗುವ ಮೊದಲೇ ವಿಚಾರಿಸಿ.

ಬರದಂತೆ ನೋಡಿಕೊಳ್ಳಿ

ಆಟಕ್ಕೆ ಮೊದಲು 15 ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಮೆಲ್ಲನೆ ಓಟ, ಬೈಠಕ್, ಒಂಟಿಕಾಲಿನ ಸಮತೋಲ, ಹಾರಿ ಮೊಣಕಾಲು ಮಡಿಚಿ ಮೃದುವಾಗಿ ಇಳಿಯುವ ಅಭ್ಯಾಸ. ಇಷ್ಟರಿಂದಲೇ ಈ ಗಾಯಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ಹೆಣ್ಣುಮಕ್ಕಳಲ್ಲಿ ಎಸಿಎಲ್ ಗಾಯ ಗಂಡುಮಕ್ಕಳಿಗಿಂತ ಎರಡು ಮೂರು ಪಟ್ಟು ಹೆಚ್ಚು. ಶಾಲೆಯಲ್ಲಿ ಖೊಖೊ ಆಡಿಸುವ ಶಿಕ್ಷಕರು ಇದನ್ನು ಗಮನಿಸಬೇಕು. ಜಾತ್ರೆಯಲ್ಲಿ ಪಂದ್ಯ ಏರ್ಪಡಿಸುವವರು ಅಂಗಳದ ಕಲ್ಲು, ಬಿರುಕುಗಳನ್ನು ತೆಗೆಸಿ ಮಣ್ಣು ಹದಮಾಡಿಸಲಿ. ನೋವಿನ ಮಾತ್ರೆ ನುಂಗಿಸಿ ಆಟಗಾರನನ್ನು ಕಣಕ್ಕಿಳಿಸುವುದನ್ನು ಯಾರೂ ಮಾಡಬಾರದು.

ಇನ್ನೊಮ್ಮೆ ಯಾವುದೋ ತಾರೆಯ ಮೊಣಕಾಲಿನ ಬಗ್ಗೆ ವಾದ ಬಂದಾಗ ಧಾರಾಳವಾಗಿ ವಾದಿಸಿ. ನಿಮ್ಮ ಮಗನೋ ಮಗಳೋ "ಈಗ ನೋವಿಲ್ಲ, ಆಡಲೇ?" ಎಂದು ಕೇಳಿದಾಗ ಮಾತ್ರ ವಾದ ಬೇಡ, ವೈದ್ಯರ ಬಳಿ ಕರೆದುಕೊಂಡು ಹೋಗಿ. ಈ ವರ್ಷದ ಜಾತ್ರೆ ತಪ್ಪಿದರೆ ಮುಂದಿನ ವರ್ಷವೂ ಜಾತ್ರೆ ಬರುತ್ತದೆ.