ಮುಷ್ಟಿಯುದ್ಧಕ್ಕೆ ನಗರದಲ್ಲಿ ಎಡೆಯುಂಟೆ?

ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವನ್ನು ನಮ್ಮಲ್ಲಿ ಹಲವರು ಬಲ್ಲರು. ತಲೆ ಬೋಳಿಸಿಕೊಂಡ ಜಟ್ಟಿಗಳಲ್ಲಿ ಒಬ್ಬನ ನೆತ್ತಿಯಿಂದ ಮೊದಲ ಹನಿ ನೆತ್ತರು ಒಸರಿದೊಡನೆ ಕಾಳಗ ನಿಲ್ಲುತ್ತದೆ. ಈ ಕಟ್ಟಳೆಯಲ್ಲಿ ವಿವೇಕವಿದೆ.

ಟಿಕೆಟ್ಟಿಟ್ಟು ನಡೆಸುವ ಬಾಕ್ಸಿಂಗ್ ಪಂದ್ಯಗಳಲ್ಲಾದರೋ ಅಪಾಯದ ನೆತ್ತರು ತಲೆಬುರುಡೆಯ ಒಳಗೆ ಸುರಿಯುತ್ತದೆ. ಪ್ರೇಕ್ಷಕರಿಗೆ ಅದು ಕಾಣದು. 1982ರ ನವೆಂಬರಿನಲ್ಲಿ ಅಮೆರಿಕದ ಲಾಸ್ ವೇಗಾಸ್ ನಗರದಲ್ಲಿ ದಕ್ಷಿಣ ಕೊರಿಯದ ಕಿಮ್ ಡುಕ್ ಕೂ 14ನೆಯ ಸುತ್ತಿನವರೆಗೂ ಸೆಣಸಿ ಬಿದ್ದನು. ತಲೆಯೊಳಗೆ ರಕ್ತಸ್ರಾವವಾಗಿ ಕೆಲವೇ ದಿನಗಳಲ್ಲಿ ಅಸುನೀಗಿದನು. ಆ ಬಳಿಕ ವಿಶ್ವ ಬಾಕ್ಸಿಂಗ್ ಮಂಡಳಿಯು 15 ಸುತ್ತುಗಳ ಪಂದ್ಯವನ್ನು 12ಕ್ಕೆ ಇಳಿಸಿತು. ಪ್ರಾಣ ತೆಗೆಯದ ಪೆಟ್ಟುಗಳೂ ಪದೇ ಪದೇ ಬಿದ್ದರೆ, ವರ್ಷಗಳ ಮೇಲೆ ನಡೆ, ನುಡಿ, ನೆನಪುಗಳನ್ನು ಕೆಡಿಸಬಲ್ಲವು.

ಹಾಗಾದರೆ ನಗರವು ಇಂಥ ಪಂದ್ಯಗಳಿಗೆ ಪರವಾನಗಿ ಕೊಡಬಹುದೆ? ಕಣದ ಬಳಿ ನುರಿತ ವೈದ್ಯ, ಸಿದ್ಧವಾಗಿ ನಿಂತ ಆಂಬುಲೆನ್ಸ್, ಮೆದುಳಿನ ಶಸ್ತ್ರಕ್ರಿಯೆಗೆ ಅನುಕೂಲವುಳ್ಳ ಸಮೀಪದ ಆಸ್ಪತ್ರೆ, ಪಂದ್ಯವನ್ನು ಒಡನೆ ತಡೆಯಲು ವೈದ್ಯರಿಗೆ ಪೂರ್ಣ ಅಧಿಕಾರ — ಇವಿಲ್ಲದ ಕಡೆ ಕೊಡಕೂಡದೆಂದೇ ನಮ್ಮ ಅಭಿಪ್ರಾಯ. ಕಾಣುವ ನೆತ್ತರಿಗೆ ನಮ್ಮ ಹಿರಿಯರು ಕಟ್ಟಳೆ ಮಾಡಿದರು. ಕಾಣದ ನೆತ್ತರಿಗೂ ಒಂದು ಬೇಕು.

ಪಾಲಕರಿಗೊಂದು ಮಾತು: ತಲೆಗೆ ಪೆಟ್ಟು ಬಿದ್ದ ಹುಡುಗನಿಗೆ ಹೆಚ್ಚುತ್ತಿರುವ ತಲೆನೋವು, ವಾಂತಿ, ಮಂಪರು ಕಂಡುಬಂದರೆ, ಮಲಗಿದರೆ ಸರಿಹೋದೀತೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.