‘ನಿವಾರಕ’ ಎಂಬ ಮಾತಿನ ಭಾರ

ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನಾನು ಒಂದೇ ಒಂದು ಪದದಿಂದ ಒಡಹುಟ್ಟಿದ ತಮ್ಮನನ್ನು ಸಂಕಟಕ್ಕೆ ನೂಕಿದೆ. ವ್ಯಾಕರಣದ ದೃಷ್ಟಿಯಿಂದ ಆ ಪದದಲ್ಲಿ ದೋಷವೇನೂ ಇರಲಿಲ್ಲ. ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ನಾವು ದಿನವೂ ಓದುವ ಪದವೇ ಅದು: ಖಿನ್ನತೆ ನಿವಾರಕ.

ನಮ್ಮೂರು ವಿಜಯಪುರ ಜಿಲ್ಲೆಯ ನಿಡೋಣಿ. ತಿಕೋಟಾ, ಬಬಲೇಶ್ವರ ಸುತ್ತಿನ ಊರುಗಳಲ್ಲಿ ಮಳೆಗಿಂತ ಮಳೆಯ ನಿರೀಕ್ಷೆಯೇ ಹೆಚ್ಚು. ಆದರೂ ಇಲ್ಲಿನ ರೈತರು ಹನಿ ನೀರಾವರಿಯನ್ನು ನಂಬಿ ದ್ರಾಕ್ಷಿ ಬೆಳೆಯುತ್ತಾರೆ. ತಮ್ಮನದೂ ಎರಡು ಎಕರೆ ದ್ರಾಕ್ಷಿ ತೋಟ. ಕೆಲವು ವರ್ಷಗಳ ಹಿಂದೆ ಕೊಯ್ಲಿನ ಹೊತ್ತಿಗೆ ಬಿದ್ದ ಅಕಾಲಿಕ ಮಳೆಗೆ ಹಣ್ಣು ಒಡೆದು ಬೆಳೆ ಕೈಬಿಟ್ಟಿತು. ಅವನು ಮಂಕಾದದ್ದು ಆ ನಷ್ಟಕ್ಕಾಗಿಯೇ ಎಂದು ನಾವೆಲ್ಲ ತಿಳಿದೆವು. ಆದರೆ ಮರುವರ್ಷ ಬೆಳೆ ಚೆನ್ನಾಗಿ ಬಂದರೂ ಅವನು ಮೊದಲಿನಂತಾಗಲಿಲ್ಲ. ನಸುಕಿನ ಮೂರಕ್ಕೇ ಎಚ್ಚರ. ಊಟದ ಮೇಲೆ ಮನಸ್ಸಿಲ್ಲ. ಎತ್ತುಗಳ ಮೈದಡವುವುದನ್ನೂ ಬಿಟ್ಟ. ಕೇಳಿದರೆ, “ಏನಿಲ್ಲಣ್ಣಾ, ಎದಿ ಭಾರ ಆಗೇತಿ” ಎನ್ನುತ್ತಿದ್ದ. ಹೃದಯದ ಪರೀಕ್ಷೆ ಮಾಡಿಸಿದೆವು; ಅಲ್ಲಿ ಎಲ್ಲವೂ ಸರಿಯಾಗಿತ್ತು. ಕೊನೆಗೆ ಮನೋವೈದ್ಯರೊಬ್ಬರು ಗುಳಿಗೆ ಬರೆದುಕೊಟ್ಟರು.

ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅವನು ಗುಳಿಗೆಯ ಪಟ್ಟಿಯನ್ನು ಹಿಂದೆಮುಂದೆ ತಿರುಗಿಸಿದ. ಅದರ ಮೇಲೆ ಕನ್ನಡದ ಒಂದಕ್ಷರವೂ ಇರಲಿಲ್ಲ. “ಅಣ್ಣಾ, ಇದು ಯಾತರ ಗುಳಿಗಿ?” ಎಂದು ಕೇಳಿದ. ನಾನು ಮಾಸ್ತರನ ಗತ್ತಿನಲ್ಲಿ “ಖಿನ್ನತೆ ನಿವಾರಕ” ಎಂದೆ. ‘ಖಿನ್ನತೆ’ ಅವನಿಗೆ ಅರ್ಥವಾಗಲಿಲ್ಲ. ‘ನಿವಾರಕ’ ಮಾತ್ರ ಚೆನ್ನಾಗಿಯೇ ಅರ್ಥವಾಯಿತು. ಟಿ.ವಿ.ಯಲ್ಲಿ ನೋವು ನಿವಾರಕಗಳ ಜಾಹೀರಾತು ನೋಡದವರು ಯಾರಿದ್ದಾರೆ?

ಐದು ದಿನ ನುಂಗಿದ. ಭಾರ ಇಳಿಯಲಿಲ್ಲ, ಬದಲಿಗೆ ಬಾಯಿ ಒಣಗಿತು, ಹೊಟ್ಟೆ ತೊಳಸಿತು. “ಇದರಿಂದ ನಿವಾರಣ ಆಗಂಗಿಲ್ಲ ಬಿಡು” ಎಂದು ಗೋಡೆಯ ಮಾಡದಲ್ಲಿ ಇಟ್ಟುಬಿಟ್ಟ. ಆಮೇಲೆ ತೀರಾ ಭಾರವೆನಿಸಿದ ದಿನ ಮಾತ್ರ, ತಲೆನೋವಿಗೆ ನುಂಗುವಂತೆ, ಒಂದು ನುಂಗುತ್ತಿದ್ದ. ಇದಾವುದೂ ನನಗೆ ತಿಳಿದಿರಲಿಲ್ಲ. ಒಂದು ರಾತ್ರಿ ಮನೆಯಿಂದ ಎದ್ದು ಹೋದವನು ಮರಳಲಿಲ್ಲ. ಬೆಳಗಿನ ಜಾವ ಓಣಿಯ ನಾಲ್ಕು ಜನ ಹುಡುಕಿ, ತೋಟದ ಮೂಲೆಯಲ್ಲಿ ಒಬ್ಬನೇ ಕುಳಿತಿದ್ದವನನ್ನು ಕರೆತಂದರು. ಆ ರಾತ್ರಿ ಅವನ ಮನಸ್ಸಿನಲ್ಲಿ ಏನಿತ್ತೆಂದು ಬಹಳ ದಿನ ಕೇಳುವ ಧೈರ್ಯ ನನಗಾಗಲಿಲ್ಲ. ಕೇಳಬೇಕಿತ್ತು ಎಂದು ವೈದ್ಯರು ಆಮೇಲೆ ಹೇಳಿದರು. ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಂಡವನಿಗೆ ಭಾರ ತುಸು ಕಡಿಮೆಯಾಗುತ್ತದೆ.

ಅಂದಿನಿಂದ ಈ ಪದ ನನ್ನನ್ನು ಕಾಡುತ್ತಿದೆ. ‘ಖಿನ್ನ’ ಎಂಬುದು ಸಂಸ್ಕೃತದ ‘ಖಿದ್’ ಧಾತುವಿನಿಂದ ಬಂದದ್ದು. ಒತ್ತು, ಅದುಮು, ಬಳಲು ಎಂಬುವು ಅದರ ಅರ್ಥಗಳು. ಇಂಗ್ಲಿಷಿನ ‘ಡಿಪ್ರೆಶನ್’ ಪದದ ಲ್ಯಾಟಿನ್ ಮೂಲಕ್ಕೂ ಕೆಳಕ್ಕೆ ಒತ್ತುವುದೆಂದೇ ಅರ್ಥ. ಶಾಲೆಯನ್ನು ಏಳನೆಯ ಇಯತ್ತೆಗೇ ಬಿಟ್ಟ ನನ್ನ ತಮ್ಮ “ಎದಿ ಭಾರ” ಎಂದಾಗ ಹೇಳಿದ್ದೂ ಅದನ್ನೇ. ಆದ್ದರಿಂದ ಪದದ ಮೊದಲರ್ಧದ ಬಗೆಗೆ ನನ್ನ ತಕರಾರಿಲ್ಲ. ತೊಡಕಿರುವುದು ಎರಡನೆಯ ಅರ್ಧದಲ್ಲಿ. ‘ನಿವಾರಿಸು’ ಎಂದರೆ ತಡೆ, ದೂರಮಾಡು. ಕೆಲವರು ಬಳಸುವ ‘ಶಮನಕಾರಿ’ ಎಂಬುದೂ ಬೆಂಕಿಗೆ ನೀರೆರೆದಂತೆ ಒಡನೆ ಫಲ ಸಿಗುವ ಸೂಚನೆ ಕೊಡುತ್ತದೆ. ಈ ಔಷಧಗಳಾದರೋ ಹಾಗೆ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಅಡ್ಡಪರಿಣಾಮಗಳು ಮಾತ್ರ ಮೊದಲ ದಿನಗಳಲ್ಲೇ ತಲೆದೋರುತ್ತವೆ. ‘ನಿವಾರಕ’ ಎಂದು ನಂಬಿ ನುಂಗಿದವನು ನಿರಾಶನಾಗುವುದು ಸರಿಯಾಗಿ ಈ ನಡುವಿನ ಅವಧಿಯಲ್ಲಿ.

ಈ ಔಷಧಗಳು ಹುಟ್ಟಿದ ಬಗೆಯೂ ಸ್ವಾರಸ್ಯಕರವಾಗಿದೆ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಐಪ್ರೊನಿಯಾಜಿಡ್ ಕೊಟ್ಟಾಗ ಅವರ ಉತ್ಸಾಹ, ಹಸಿವು ಹೆಚ್ಚಿದವು. ಆ ದಶಕದಲ್ಲಿಯೇ ಸ್ವಿಟ್ಜರ್ಲೆಂಡಿನ ವೈದ್ಯ ರೋಲಾಂಡ್ ಕೂನ್, ಬೇರೊಂದು ಮನೋರೋಗಕ್ಕೆಂದು ಪರೀಕ್ಷಿಸುತ್ತಿದ್ದ ಇಮಿಪ್ರಮಿನ್ ಖಿನ್ನತೆಗೆ ಒಳಗಾದವರಿಗೆ ಫಲಕಾರಿಯೆಂದು ಕಂಡು 1957ರಲ್ಲಿ ಪ್ರಕಟಿಸಿದರು. ಹೀಗೆ ಮೊದಲ ಎರಡು ಔಷಧಗಳೂ ಆಕಸ್ಮಿಕವಾಗಿ ದೊರೆತವು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಫ್ಲುಆಕ್ಸೆಟಿನ್‌ಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1987ರಲ್ಲಿ. ಹೆಸರಿಗೂ ಬಳಕೆಗೂ ಇರುವ ಅಂತರವನ್ನು ಗಮನಿಸಿ: ಇದೇ ಗುಂಪಿನ ಅಮಿಟ್ರಿಪ್ಟಿಲಿನ್ ಅನ್ನು ಅರೆತಲೆನೋವು ಮರುಕಳಿಸದಂತೆ, ನರಗಳ ನೋವು ತಗ್ಗುವಂತೆ ಕೂಡ ವೈದ್ಯರು ಕೊಡುತ್ತಾರೆ. ಕಾಲುರಿಗೆಂದು ಗುಳಿಗೆ ಪಡೆದ ಸಕ್ಕರೆ ಕಾಯಿಲೆಯವರೊಬ್ಬರು ‘ಖಿನ್ನತೆ ನಿವಾರಕ’ ಎಂದು ಕೇಳಿ, “ನನಗೇನು ಹುಚ್ಚೇ?” ಎಂದು ಸಿಟ್ಟಾದದ್ದನ್ನು ನಾನು ಕಂಡಿದ್ದೇನೆ.

ಊರಿನಲ್ಲಿ ಈ ಗುಳಿಗೆಗಳಿಗೆ ಬೇರೆಯೇ ಹೆಸರುಗಳಿವೆ. ಒಬ್ಬರು ‘ನಿದ್ದಿ ಗುಳಿಗಿ’ ಎನ್ನುತ್ತಾರೆ, ಇನ್ನೊಬ್ಬರು ‘ತಲಿ ಗುಳಿಗಿ’ ಎನ್ನುತ್ತಾರೆ. ಮೊದಲನೆಯದರಿಂದ ಚಟವಾದೀತೆಂಬ ಭಯ, ಎರಡನೆಯದರಿಂದ ಮಗಳ ಸಂಬಂಧ ತಪ್ಪೀತೆಂಬ ಭಯ. ಇವು ಮದ್ಯದಂತೆ ಚಟ ಹಿಡಿಸುವ ವಸ್ತುಗಳಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಕಾಣಿಸಬಹುದು. ವೈದ್ಯರು ಹೇಳಿದಂತೆ ಪ್ರಮಾಣ ಇಳಿಸುತ್ತ ಬಿಡಬೇಕು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸುವುದು ರೂಢಿ. ಮೊದಲ ವಾರಗಳಲ್ಲಿ, ಅದರಲ್ಲಿಯೂ ಹರೆಯದವರಿಗೆ ಕೊಟ್ಟಾಗ, ಮನೆಯವರು ಕಣ್ಣಿಟ್ಟಿರಬೇಕು. ಸೌಮ್ಯ ಖಿನ್ನತೆಯಲ್ಲಿ ಎಲ್ಲರಿಗೂ ಔಷಧವೇ ಬೇಕೆಂದಿಲ್ಲ, ಆಪ್ತಸಮಾಲೋಚನೆಯೂ ಚಿಕಿತ್ಸೆಯೇ. ಸಾಲವನ್ನು, ಬರವನ್ನು ಯಾವ ಗುಳಿಗೆಯೂ ನಿವಾರಿಸಲಾರದೆಂಬುದನ್ನೂ ಹೇಳಬೇಕು.

ಇಷ್ಟೆಲ್ಲವನ್ನು ಒಂದು ಸಮಾಸಪದ ಹೇಳಲಾರದು. ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು ಇಪ್ಪತ್ತು ಜನರಲ್ಲಿ ಒಬ್ಬರನ್ನು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಕಾಡಿರುತ್ತದೆ. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮದೇ ಬಳ್ಳಾರಿ ಜಿಲ್ಲೆ. ಔಷಧವನ್ನು ಜಿಲ್ಲೆಗೆ ತಂದ ಈ ನಾಡು, ಅದನ್ನು ನುಂಗುವವನಿಗೆ ತಿಳಿಯುವ ನಾಲ್ಕು ಕನ್ನಡ ವಾಕ್ಯಗಳನ್ನು ಗುಳಿಗೆಯ ಜತೆಗೆ ಕೊಡಲಾರದೇ?

ನನ್ನ ತಮ್ಮನನ್ನು ಮರಳಿ ಚಿಕಿತ್ಸೆಗೆ ಹಚ್ಚಿದ್ದು ಅಂಥ ಒಂದು ಮಾತು. ಎರಡನೆಯ ಸಲ ಹೋದಾಗ ಅಲ್ಲಿನ ನರ್ಸ್ ಬಾಯಿ ಅವನ ಉದ್ಯೋಗ ಕೇಳಿ ಹೇಳಿದರು: “ಕಾಕಾ, ದ್ರಾಕ್ಷಿಗೆ ಡ್ರಿಪ್ ಬಿಡ್ತೀರಲ್ಲ, ಹಂಗ ಇದು. ಇವತ್ತು ನೀರು ಬಿಟ್ರ ನಾಳೆ ಚಿಗುರಂಗಿಲ್ಲ. ದಿನಾ ಹನಿ ಬೀಳಬೇಕು. ಚಿಗುರೇತಂತ ನೀರು ಬಂದ್ ಮಾಡಿದ್ರೂ ನಡಿಯಂಗಿಲ್ಲ.” ಅವನು ತಲೆಯಾಡಿಸಿದ. ನಾನು ಮೂವತ್ತು ವರ್ಷದಲ್ಲಿ ಕಲಿಸದಿದ್ದ ಕನ್ನಡ ಅದು.

ಪರ್ಯಾಯವಾಗಿ ಹೊಸ ಪದವೊಂದನ್ನು ಟಂಕಿಸುವ ಹುಮ್ಮಸ್ಸು ನನಗಿಲ್ಲ. ಜನ ಈಗಾಗಲೇ ‘ಬಿ.ಪಿ. ಗುಳಿಗಿ’, ‘ಸಕ್ಕರಿ ಗುಳಿಗಿ’ ಎನ್ನುತ್ತಾರೆ. ಅವುಗಳಲ್ಲಿ ರೋಗದ ಹೆಸರಿದೆ, ಅತಿಯಾದ ಆಶ್ವಾಸನೆಯಿಲ್ಲ. ಹಾಗೆಯೇ ‘ಖಿನ್ನತೆಯ ಗುಳಿಗೆ’ ಎಂದರೆ ಸಾಕು. ಉಳಿದುದನ್ನು ಮನುಷ್ಯರು ಮನುಷ್ಯರಿಗೆ ವಿವರಿಸಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ಯಾವ ಹೊತ್ತಿನಲ್ಲಾದರೂ.

ಕಳೆದ ಸಲ ನಿಡೋಣಿಗೆ ಹೋದಾಗ ತಮ್ಮ ತೋಟದಲ್ಲಿ ಆಳುಗಳೊಂದಿಗೆ ಬಳ್ಳಿ ಕತ್ತರಿಸುತ್ತಿದ್ದ. ನೆರೆಯ ಹೊಲದವರು ಅವನ ಅಂಗಿಯ ಕಿಸೆಯಲ್ಲಿದ್ದ ಪಟ್ಟಿಯನ್ನು ಕಂಡು ಯಾತರದ್ದೆಂದು ವಿಚಾರಿಸಿದರು. ಅವನು ನನ್ನತ್ತ ತಿರುಗಿಯೂ ನೋಡದೆ, ತಗ್ಗಿದ ದನಿಯಲ್ಲೂ ಅಲ್ಲ, ಎಂದಿನಂತೆ ಹೇಳಿದ: “ಎದಿ ಭಾರದ ಗುಳಿಗಿ.”